ಬ್ರಾಕೆನ್‌ಹರ್ಸ್ಟ್ ಚರ್ಚಿನ ಅಂಗಳದಲ್ಲಿ ಬರೇಲಿಯ ಸುಖಾ

ನಾನಿರುವುದು ಇಂಗ್ಲೆಂಡಿನ ದಕ್ಷಿಣದಲ್ಲಿ, ನ್ಯೂ ಫಾರೆಸ್ಟ್ ಎಂಬ ಕಾಡಿನ ಅಂಚಿಗೆ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ವಾರ್ಡಿನಿಂದ ವಾರ್ಡಿಗೆ ಸೋಂಕು ಹರಡದ ಹಾಗೆ ನೋಡಿಕೊಳ್ಳುವುದು ನಮ್ಮ ವಿಭಾಗದ ಜವಾಬ್ದಾರಿ. ರಜೆ ಸಿಕ್ಕಾಗ ಮಾಡುವ ಇನ್ನೊಂದು ಕೆಲಸವೂ ಇದೆ. ಇಲ್ಲಿನ ಚರ್ಚಿನ ಅಂಗಳದಲ್ಲಿ ಮಲಗಿರುವ ಮೊದಲ ಮಹಾಯುದ್ಧದ ಜನ ಯಾರು, ಎಲ್ಲಿಂದ ಬಂದರು, ಅವರ ಮನೆಯವರು ಯಾರು ಅಂತ ಹುಡುಕುವುದು. ಇವತ್ತು ಅವರಲ್ಲಿ ಒಬ್ಬನ ಬಗ್ಗೆ ಬರೆಯುತ್ತೇನೆ. ಅವನು ಸಿಪಾಯಿಯಲ್ಲ, ಒಂದು ಗುಂಡೂ ಹಾರಿಸಿದವನಲ್ಲ. ಆಸ್ಪತ್ರೆ ಗುಡಿಸಿ ತೊಳೆಯುತ್ತಿದ್ದವನು. ಹೆಸರು ಸುಖಾ.

ಊರಿನ ಹೆಸರು ಬ್ರಾಕೆನ್‌ಹರ್ಸ್ಟ್. ಸೌತಾಂಪ್ಟನ್ ಬಂದರಿನಿಂದ ಬೋರ್ನ್‌ಮತ್ ಕಡೆ ಹೋಗುವ ರೈಲು ಮಾರ್ಗದಲ್ಲಿ ಸಿಗುತ್ತದೆ. ಕುದುರೆ, ದನ ಎಲ್ಲ ಇಲ್ಲಿ ರಸ್ತೆ ಮೇಲೇ ಓಡಾಡಿಕೊಂಡಿರುತ್ತವೆ. ಕಾರಿನವರು ನಿಂತು ಕಾಯುತ್ತಾರೆ. ಊರ ಹೊರಗಿನ ದಿಬ್ಬದ ಮೇಲೆ ಸೇಂಟ್ ನಿಕೊಲಸ್ ಚರ್ಚ್. ಅದರ ಪಕ್ಕದಲ್ಲಿ ಸಾವಿರ ವರ್ಷಕ್ಕೂ ಹಳೆಯದು ಅನ್ನುವ ಯೂ ಮರ. ಹಿಂದಿನ ಇಳಿಜಾರಿನಲ್ಲಿ ಒಂದೇ ಅಳತೆಯ ಬಿಳಿ ಕಲ್ಲುಗಳ ಸಾಲುಗಳು. ಅವು ನ್ಯೂಜಿಲೆಂಡಿನ ಸೈನಿಕರವು, 93 ಮಂದಿ. 3 ಜನ ಭಾರತೀಯರೂ, ಹೆಸರು ಗೊತ್ತಿಲ್ಲದ 3 ಜನ ಬೆಲ್ಜಿಯನ್ನರೂ ಅದೇ ಅಂಗಳದಲ್ಲಿದ್ದಾರೆ. ಪ್ರವಾಸಿಗರು ಹೆಚ್ಚಾಗಿ ಹುಡುಕಿಕೊಂಡು ಬರುವುದು ಬ್ರಷರ್ ಮಿಲ್ಸ್ ಅನ್ನುವ ಹಾವಾಡಿಗನ ಸಮಾಧಿಯನ್ನು. ಕಾಡಿನಲ್ಲಿ ಗುಡಿಸಲು ಹಾಕಿಕೊಂಡು ಹಾವು ಹಿಡಿದೇ ಬದುಕಿದವನು, 1905ರಲ್ಲಿ ತೀರಿಕೊಂಡ. ಅವನ ಕಲ್ಲಿನ ಮೇಲೆ ಹಾವು ಹಿಡಿದ ಚಿತ್ರ ಕೆತ್ತಿದ್ದಾರೆ. ಅವನನ್ನು ನೋಡಲು ಬಂದವರಿಗೆ ಸುಖಾನನ್ನೂ ತೋರಿಸಿ ಕಳಿಸುವುದು ನನಗೆ ಅಭ್ಯಾಸವಾಗಿದೆ.

ಈ ಊರಿಗೆ ಇಷ್ಟೊಂದು ಪರದೇಶದವರು ಯಾಕೆ ಬಂದರು? ಕಾರಣ ಸರಳ. ಫ್ರಾನ್ಸಿನಿಂದ ಗಾಯಾಳುಗಳ ಹಡಗು ಬಂದು ನಿಲ್ಲುತ್ತಿದ್ದದ್ದು ಸೌತಾಂಪ್ಟನ್ನಿನಲ್ಲಿ. ಅಲ್ಲಿಂದ ರೈಲಿಗೆ ಹತ್ತಿಸಿದರೆ ಬ್ರಾಕೆನ್‌ಹರ್ಸ್ಟ್ ಹತ್ತಿರವೇ. 1914ರ ಶರತ್ಕಾಲದಲ್ಲಿ ಭಾರತದ ಮೀರತ್ ಮತ್ತು ಲಾಹೋರ್ ಡಿವಿಷನ್‌ಗಳು ಮಾರ್ಸೇಲ್ಸ್‌ನಲ್ಲಿ ಇಳಿದು ಸೀದಾ ಫ್ಲಾಂಡರ್ಸ್ ಕೆಸರಿಗೆ ಹೋದವು. ಆ ಚಳಿಗೆ ತಕ್ಕ ಬಟ್ಟೆ ಕೂಡ ಮೊದಮೊದಲು ಸರಿಯಾಗಿ ಇರಲಿಲ್ಲ. ಗಾಯಗೊಂಡವರಿಗೆ ಅಂತ ಇಲ್ಲಿನ ಬಾಮರ್ ಲಾನ್, ಫಾರೆಸ್ಟ್ ಪಾರ್ಕ್ ಎಂಬ ಎರಡು ಹೋಟೆಲುಗಳನ್ನು ಸರ್ಕಾರ ತನ್ನ ಕೈಗೆ ತಗೊಂಡಿತು. ಜೊತೆಗೆ ಭಾರತೀಯ ಸೈನಿಕರ ನಿಧಿಯ ದುಡ್ಡಿನಲ್ಲಿ ತಗಡಿನ ಶೆಡ್ಡುಗಳ ಆಸ್ಪತ್ರೆಯೊಂದು ಎದ್ದಿತು. ಅದೇ ಲೇಡಿ ಹಾರ್ಡಿಂಜ್ ಆಸ್ಪತ್ರೆ. ಜನ ಅದನ್ನು ತಗಡಿನ ಊರು ಅಂತಲೇ ಕರೆಯುತ್ತಿದ್ದರು. ಭಾರತದ ಪದಾತಿ ದಳ 1915ರ ಕೊನೆಯಲ್ಲಿ ಫ್ರಾನ್ಸ್ ಬಿಟ್ಟಿತು. 1916ರಲ್ಲಿ ಇಲ್ಲಿಗೆ ನ್ಯೂಜಿಲೆಂಡಿನವರು ಬಂದರು, 1919ರ ತನಕ ಇದ್ದರು. ಇವತ್ತಿಗೂ ಊರಿನಲ್ಲಿ ಮೀರತ್ ರೋಡ್ ಇದೆ, ಆಕ್ಲೆಂಡ್ ಅವೆನ್ಯೂ ಇದೆ. ಬಾಮರ್ ಲಾನ್ ಮತ್ತೆ ಹೋಟೆಲ್ ಆಗಿದೆ, ಚಹಾ ಕುಡಿಯಲು ಹೋಗಬಹುದು.

ಸುಖಾನ ಕಲ್ಲಿನ ಮೇಲೆ ಬರೆದಿರುವುದು ಉದ್ದವಾಗಿದೆ. ಅಷ್ಟುದ್ದ ಬರೆದ ಕಲ್ಲು ಯುದ್ಧದಲ್ಲಿ ಸತ್ತವರಿಗೆ ಸಿಗುವುದೇ ಅಪರೂಪ. ಹೇಳುವುದಿಷ್ಟು: ಈ ಕಲ್ಲನ್ನು ಬ್ರಾಕೆನ್‌ಹರ್ಸ್ಟಿನ ಜನ ಹಾಕಿಸಿದ್ದು. ಇಲ್ಲಿರುವುದು ಸುಖಾನ ದೇಹ. ಅವನು ಇಂಡಿಯಾದ ಯುನೈಟೆಡ್ ಪ್ರಾವಿನ್ಸಸ್‌ನ (ಇವತ್ತಿನ ಉತ್ತರ ಪ್ರದೇಶದ) ಬರೇಲಿ ನಗರದ ಗಂಗಾಪುರ ಮೊಹಲ್ಲಾದವನು. ದೇಶ, ಮನೆ, ಗೆಳೆಯರನ್ನು ಬಿಟ್ಟು ಬಂದು, ಗಾಯಗೊಂಡ ಭಾರತೀಯ ಸೈನಿಕರ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಸಣ್ಣ ಸೇವಕನಾಗಿ ದುಡಿದ. 1915ರ ಜನವರಿ 12ರಂದು ತೀರಿಕೊಂಡ, ವಯಸ್ಸು 30. ಅವನು ಕ್ರೈಸ್ತನಲ್ಲ, ಆದರೆ ಬೇರೆಯವರಿಗಾಗಿ ಪ್ರಾಣ ಕೊಟ್ಟ. ಕೊನೆಯಲ್ಲಿ ಎಲ್ಲರಿಗೂ ಒಬ್ಬನೇ ದೇವರು, ಒಬ್ಬನೇ ತಂದೆ ಅನ್ನುವ ಬೈಬಲ್ಲಿನ ಮಾತು.

ಇದನ್ನು ಓದುವುದಕ್ಕೆ ಒಂದು ಉಪಾಯ ಬೇಕು. ನೂರು ವರ್ಷದ ಮಳೆ, ಪಾಚಿ. ನಡುಹಗಲಿನಲ್ಲಿ ನೇರ ನಿಂತು ನೋಡಿದರೆ ಅಕ್ಷರ ಮಸುಕು. ಮೋಡ ಕವಿದ ದಿನ ಟಾರ್ಚನ್ನು ಕಲ್ಲಿನ ಒಂದು ಬದಿಗೆ, ಹೆಚ್ಚುಕಡಿಮೆ ಕಲ್ಲಿಗೇ ಅಂಟಿಸಿದ ಹಾಗೆ ಹಿಡಿಯಬೇಕು. ಬೆಳಕು ಅಡ್ಡ ಹಾಯ್ದರೆ ಪ್ರತಿ ಅಕ್ಷರದ ಒಂದು ಅಂಚಿಗೆ ನೆರಳು ಬೀಳುತ್ತದೆ, ಓದಲು ಬರುತ್ತದೆ. ಕಲ್ಲನ್ನು ಮಾತ್ರ ಉಜ್ಜಬೇಡಿ. ತಂತಿ ಬ್ರಷ್, ಬ್ಲೀಚ್, ಸುಣ್ಣ ಇದ್ಯಾವುದೂ ಬೇಡ. ನಮ್ಮಲ್ಲೂ ಹಳೆಯ ಶಾಸನ, ವೀರಗಲ್ಲುಗಳಿಗೆ ಅರಿಶಿನ ಕುಂಕುಮ ಮೆತ್ತಿ, ಬಣ್ಣ ಬಳಿದು ಅಕ್ಷರ ಹಾಳು ಮಾಡಿರುವುದನ್ನು ನೋಡಿ ಹೊಟ್ಟೆ ಉರಿದಿದೆ. ಟಾರ್ಚ್ ಸಾಕು, ಫೋಟೋ ಸಾಕು.

ಗಂಗಾಪುರ ಮೊಹಲ್ಲಾ ಅಂತ ಓದಿದಾಗ ನನಗಾದ ಖುಷಿ ಹೇಳತೀರದು. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಮಂಡಿ ಮೊಹಲ್ಲಾ, ನಜರ್‌ಬಾದ್ ಮೊಹಲ್ಲಾ, ದೇವರಾಜ ಮೊಹಲ್ಲಾ ಅಂತ ಹೇಳಿಕೊಂಡೇ ಊರು ಸುತ್ತಿದವರು ನಾವು. ಯುದ್ಧದಲ್ಲಿ ಸತ್ತ ಎಷ್ಟೋ ಭಾರತೀಯರ ದಾಖಲೆಯಲ್ಲಿ ಜಿಲ್ಲೆ ಸಿಕ್ಕರೆ ಪುಣ್ಯ. ಇವನಿಗೆ ಕೇರಿಯ ವಿಳಾಸವೇ ಇದೆ. ಮ್ಯಾಪು ತೆಗೆದರೆ ಬರೇಲಿಯಲ್ಲಿ ಗಂಗಾಪುರ ಇವತ್ತಿಗೂ ಸಿಗುತ್ತದೆ. ಬ್ರಾಕೆನ್‌ಹರ್ಸ್ಟಿನ ಕಲ್ಲುಕುಟಿಗನಿಗೆ ಈ ವಿಳಾಸ ತಾನಾಗಿ ಗೊತ್ತಿರಲು ಸಾಧ್ಯವಿಲ್ಲ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇದ್ದಿರಬೇಕು, ಇಲ್ಲವೇ ಅವನ ಜೊತೆ ಕೆಲಸ ಮಾಡಿದವರು ಯಾರೋ ನಿಂತು ಹೇಳಿ ಬರೆಸಿರಬೇಕು. ಯಾರೋ ಒಬ್ಬರಾದರೂ ಅವನ ಮನೆ ಎಲ್ಲಿ ಅಂತ ಕೇಳಿದ್ದಾರೆ. ನನಗೆ ಈ ಕಲ್ಲಿನ ಮೇಲಿರುವ ಎಲ್ಲ ಮಾತಿಗಿಂತ ಆ ವಿಳಾಸವೇ ದೊಡ್ಡದು.

ಈಗ ಕಾಗದ ಪತ್ರದ ವಿಷಯಕ್ಕೆ ಬರುತ್ತೇನೆ. ಇಲ್ಲೇ ಮನಸ್ಸು ಕೆಡುವುದು.

ಅದೇ ಅಂಗಳದ ಒಬ್ಬ ನ್ಯೂಜಿಲೆಂಡ್ ಸೈನಿಕನ ಬಗ್ಗೆ ತಿಳಿಯಬೇಕಾ? ಮನೆಯಲ್ಲಿ ಕೂತು ಕಂಪ್ಯೂಟರ್ ತೆರೆದರೆ ಸಾಕು. ಆ ದೇಶದ ಆರ್ಕೈವ್ಸ್‌ನವರು ಮೊದಲ ಮಹಾಯುದ್ಧದ ಸೈನಿಕರ ಫೈಲುಗಳನ್ನು ಸ್ಕ್ಯಾನ್ ಮಾಡಿ ಬಿಟ್ಟಿಯಾಗಿ ಹಾಕಿದ್ದಾರೆ. ಅವನ ಎತ್ತರ ಎಷ್ಟು, ಕಣ್ಣಿನ ಬಣ್ಣ ಯಾವುದು, ಹಲ್ಲು ಹೇಗಿತ್ತು, ಸೇರುವ ಮುಂಚೆ ಏನು ಕೆಲಸ, ಯಾವ ಹಡಗು ಹತ್ತಿದ, ಯಾವ ದಿನ ಗಾಯ, ಸತ್ತ ಮೇಲೆ ಸುದ್ದಿ ಯಾರಿಗೆ ಹೋಯಿತು, ಎಲ್ಲ ಇದೆ. ಆಕ್ಲೆಂಡ್ ಮ್ಯೂಸಿಯಂನವರು ಒಬ್ಬೊಬ್ಬರಿಗೂ ಒಂದು ಪುಟ ಮಾಡಿ ಇಟ್ಟಿದ್ದಾರೆ. ಮನೆಯವರು ಫೋಟೋ, ಪತ್ರ ತಂದು ಅದಕ್ಕೆ ಸೇರಿಸುತ್ತಾರೆ. ಆ ದೇಶದ ಹಳೆಯ ಪತ್ರಿಕೆಗಳೂ ಬಿಟ್ಟಿಯಾಗಿ ಸಿಗುತ್ತವೆ. ಒಂದು ಸಂಜೆಯಲ್ಲಿ ಒಬ್ಬ ಮನುಷ್ಯ ಎದುರು ಬಂದು ನಿಂತ ಹಾಗೆ ಆಗಿಬಿಡುತ್ತದೆ. ಪ್ರತಿ ವರ್ಷ ಏಪ್ರಿಲ್ 25ರ ಆಸುಪಾಸಿನ ಭಾನುವಾರ ಇಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಯೋಧರನ್ನು ನೆನೆಯುವ ಆನ್ಜಾಕ್ ಪ್ರಾರ್ಥನೆ ನಡೆಯುತ್ತದೆ. ಊರಿನವರು ಈ ಹುಡುಗರನ್ನು ತಮ್ಮವರು ಅಂತಲೇ ನೋಡಿಕೊಂಡು ಬಂದಿದ್ದಾರೆ. ಅದು ನನಗೆ ತುಂಬಾ ಇಷ್ಟ.

ಇಂಗ್ಲೆಂಡಿನ ಸೈನಿಕರದು ಬೇರೆ ಕಥೆ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಬಿದ್ದು ಲಂಡನ್ನಿನ ಗೋದಾಮಿನಲ್ಲಿದ್ದ ಮೊದಲ ಮಹಾಯುದ್ಧದ ಫೈಲುಗಳಲ್ಲಿ ಅರ್ಧಕ್ಕೂ ಜಾಸ್ತಿ ಸುಟ್ಟುಹೋದವು. ಆದರೂ ಪದಕದ ಕಾರ್ಡು, ಸತ್ತವರ ಬಾಕಿ ಸಂಬಳದ ಲೆಕ್ಕ, ಜನಗಣತಿ, ಚರ್ಚಿನ ದಾಖಲೆ ಎಲ್ಲ ಜೋಡಿಸಿ ಏನಾದರೂ ಕಟ್ಟಬಹುದು.

ಭಾರತದವರಿಗೆ ಅಷ್ಟು ದಾರಿಗಳಿಲ್ಲ. ಸಾಮಾನ್ಯ ಸಿಪಾಯಿಗಳ ಒಬ್ಬೊಬ್ಬರ ಫೈಲು ಲಂಡನ್ನಿನಲ್ಲಿ ಇಲ್ಲ. ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ, ಅಂದರೆ ಆಗ ಲಂಡನ್ನಿನಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಕಚೇರಿಯ, ಕಡತಗಳಿವೆ. ಅದರಲ್ಲಿ ಸೆನ್ಸಾರ್ ಕಚೇರಿಯ ವರದಿಗಳು ಚಿನ್ನದಂಥವು. ಸೈನಿಕರು ಊರಿಗೆ ಬರೆದ ಕಾಗದಗಳನ್ನು ಒಡೆದು ಓದಿ, ಇಂಗ್ಲಿಷಿಗೆ ಮಾಡಿ, ತುಣುಕುಗಳನ್ನು ವಾರವಾರ ಮೇಲಿನವರಿಗೆ ಕಳಿಸುತ್ತಿದ್ದರು. ಮೂಲ ಕಾಗದಗಳು ಹೋದವು, ಆ ತುಣುಕುಗಳು ಉಳಿದವು. ಚಳಿ, ಮನೆಯ ಜಮೀನು, ತಮ್ಮನ ಮದುವೆ, ಇಲ್ಲಿಗೆ ಬರಬೇಡ ಅನ್ನುವ ಎಚ್ಚರಿಕೆ, ಎಲ್ಲ ಇದೆ ಅದರಲ್ಲಿ. ಇನ್ನೊಂದು ಕಡೆ ಲಾಹೋರ್ ಮ್ಯೂಸಿಯಂನಲ್ಲಿ ಪಂಜಾಬಿನ ಸುಮಾರು 3,20,000 ಮಂದಿಯ ಹೆಸರಿರುವ ರಿಜಿಸ್ಟರುಗಳು ಸಿಕ್ಕಿ, 2021ರಲ್ಲಿ ಅವುಗಳಲ್ಲಿ ಕೆಲವು ಜಿಲ್ಲೆಗಳವು ಆನ್‌ಲೈನ್‌ಗೆ ಬಂದವು. ಪಂಜಾಬಿನ ಕುಟುಂಬಗಳು ಮುತ್ತಜ್ಜನ ಹೆಸರು ಹುಡುಕಿಕೊಂಡು ಅಳುತ್ತಿದ್ದದ್ದನ್ನು ನಾನು ವಿಡಿಯೋದಲ್ಲಿ ನೋಡಿದ್ದೇನೆ.

ಇವೆಲ್ಲ ಸಿಪಾಯಿಗಳ ಮಾತಾಯಿತು. ಸಿಪಾಯಿಗಳ ಹಿಂದೆ ಇನ್ನೊಂದು ಸೈನ್ಯ ಇತ್ತು. ಅಡುಗೆಯವರು, ನೀರು ಹೊರುವ ಭಿಸ್ತಿಗಳು, ಹೇಸರಗತ್ತೆ ಹೊಡೆಯುವವರು, ಡೋಲಿ ಹೊರುವವರು, ದೋಬಿಗಳು, ಕುದುರೆ ಹುಲ್ಲು ಕೊಯ್ಯುವವರು, ಗುಡಿಸುವವರು. ಆ ಯುದ್ಧಕ್ಕೆ ಇಂಥವರು ಭಾರತದಿಂದ 5 ಲಕ್ಷಕ್ಕೂ ಹೆಚ್ಚು ಸೇರಿದ್ದರು. ಸೇನೆ ಇವರಲ್ಲೂ ಮೇಲು ಕೀಳು ಮಾಡಿತ್ತು. ಡೋಲಿಯವರು, ಹೇಸರಗತ್ತೆಯವರು ಸ್ವಲ್ಪ ಮೇಲಿನ ದರ್ಜೆ. ಗುಡಿಸುವವರು, ತೊಳೆಯುವವರು ಎಲ್ಲರಿಗಿಂತ ಕೆಳಗೆ, ಸಂಬಳವೂ ಕಡಿಮೆ. ಸುಖಾ ಆ ಕೊನೆಯ ಮೆಟ್ಟಿಲಿನವನು. ಕೊನೆಯ ಮೆಟ್ಟಿಲಿನವರ ಕಾಗದ ಪತ್ರ ಯಾರೂ ಜೋಪಾನವಾಗಿ ಇಡಲಿಲ್ಲ. ಸೆನ್ಸಾರ್ ತುಣುಕುಗಳಲ್ಲಿ ಸುಬೇದಾರರು ಮಾತಾಡುತ್ತಾರೆ, ಸವಾರರು ಮಾತಾಡುತ್ತಾರೆ. ಕಸಗುಡಿಸುವವನ ದನಿ ಕೇಳುವುದು ಬಲು ಅಪರೂಪ.

ಆದರೆ ಆಸ್ಪತ್ರೆ ನಡೆಯುತ್ತಿದ್ದದ್ದು ಇವರಿಂದ. ಇದನ್ನು ನಾನು ನನ್ನ ಕೆಲಸದ ಅನುಭವದಿಂದ ಹೇಳುತ್ತಿದ್ದೇನೆ. 1915ರಲ್ಲಿ ಪೆನ್ಸಿಲಿನ್ ಇಲ್ಲ. ಗೊಬ್ಬರ ಹಾಕಿ ಉತ್ತ ಹೊಲಗಳಲ್ಲೇ ಕಂದಕ ತೋಡಿ ಕಾದಾಡಿದ್ದರಿಂದ ಗಾಯಕ್ಕೆ ಆ ಮಣ್ಣು ಹೊಕ್ಕು ಧನುರ್ವಾಯು, ಗ್ಯಾಸ್ ಗ್ಯಾಂಗ್ರೀನ್ ಬರುತ್ತಿತ್ತು. ಭೇದಿ ಬೇರೆ. ಅಂಥ ವಾರ್ಡಿನಲ್ಲಿ ರೋಗಿ ಬದುಕುವುದು ಮೊದಲು ಶುಚಿಯಿಂದ. ಬೆಡ್‌ಪ್ಯಾನ್ ಖಾಲಿ ಮಾಡುವುದು, ಕೀವು ಮೆತ್ತಿದ ಬಟ್ಟೆ ತೆಗೆದು ಸುಡುವುದು, ನೆಲ ಒರೆಸುವುದು, ಮತ್ತೆ ಒರೆಸುವುದು. ಸರ್ಜನ್ ಕೈ ಕತ್ತರಿಸಿ ಹೋದ ಮೇಲೆ ಆ ಬಕೆಟ್ಟನ್ನು ಯಾರೋ ಎತ್ತಬೇಕು ತಾನೆ? ಇವತ್ತು ನಾವು ಇದಕ್ಕೆ ದೊಡ್ಡ ಕೈಪಿಡಿ ಬರೆದಿದ್ದೇವೆ, ಆಡಿಟ್ ಮಾಡುತ್ತೇವೆ, ಅಂಕ ಕೊಡುತ್ತೇವೆ. ಸುಖಾ ಮತ್ತು ಅವನ ಜೊತೆಯವರು ಜನವರಿ ಚಳಿಯಲ್ಲಿ, ತಗಡಿನ ಶೆಡ್ಡಿನಲ್ಲಿ, ಕೈಗವಸಿಲ್ಲದೆ ಅದನ್ನೇ ಮಾಡಿದರು. ಅವನನ್ನು ಯುದ್ಧದಲ್ಲಿ ಸತ್ತವನು ಅಂತ ಲೆಕ್ಕಕ್ಕೆ ತಗೊಂಡಿರುವುದು ನೂರಕ್ಕೆ ನೂರು ಸರಿ.

ಸುಖಾನ ಬಗ್ಗೆ ಒಂದು ಪ್ರಸಿದ್ಧ ಕಥೆ ಇದೆ. ಇಂಗ್ಲೆಂಡ್ ಮತ್ತು ಫ್ರಾನ್ಸಿನಲ್ಲಿ ಭಾರತೀಯ ಗಾಯಾಳುಗಳ ಉಸ್ತುವಾರಿ ನೋಡಿಕೊಳ್ಳಲು ನೇಮಕವಾಗಿದ್ದ ಸರ್ ವಾಲ್ಟರ್ ಲಾರೆನ್ಸ್ 1928ರಲ್ಲಿ ತನ್ನ ನೆನಪುಗಳಲ್ಲಿ ಅದನ್ನು ಬರೆದ. ಸುಖಾ ಸತ್ತಾಗ, ಅವನು ಅಸ್ಪೃಶ್ಯ ಅಂತ ಹಿಂದೂಗಳು ತಮ್ಮವರ ಜೊತೆ ಸುಡಲು ಒಪ್ಪಲಿಲ್ಲ. ವೋಕಿಂಗ್‌ನಲ್ಲಿದ್ದ ಮುಸ್ಲಿಮರ ಸ್ಮಶಾನಕ್ಕೆ ಕೇಳಿದರೆ, ಅವನು ಮುಸ್ಲಿಮನಲ್ಲ ಅಂತ ಅಲ್ಲೂ ಆಗಲಿಲ್ಲ. ಆಗ ಚರ್ಚಿನ ಪಾದ್ರಿ ಮುಂದೆ ಬಂದು, ಇವನು ಇಂಗ್ಲೆಂಡಿಗಾಗಿ ಸತ್ತವನು, ನಾನು ನಮ್ಮ ಅಂಗಳದಲ್ಲಿ ಹೂಳುತ್ತೇನೆ ಅಂದರು. ಇದು ಕಥೆ.

ನಾನು ಇದನ್ನು ಕಣ್ಣು ಮುಚ್ಚಿ ಒಪ್ಪುವುದಿಲ್ಲ, ಹಾಗಂತ ತಳ್ಳಿಹಾಕುವುದೂ ಇಲ್ಲ. ಹೇಳಿದವನು ಸಾಮ್ರಾಜ್ಯದ ದೊಡ್ಡ ಅಧಿಕಾರಿ, ಹೇಳಿದ್ದು ಹದಿಮೂರು ವರ್ಷ ಆದ ಮೇಲೆ. ಕಥೆಯಲ್ಲಿ ಇಂಗ್ಲಿಷರು ಮಾತ್ರ ದಯಾಳುಗಳಾಗಿ ಕಾಣುತ್ತಾರೆ. ಅದೇ ಸೇನೆ ಸುಖಾನನ್ನು ಜಾತಿ ನೋಡಿಯೇ ಆ ಕೆಲಸಕ್ಕೆ ತಗೊಂಡಿತ್ತು ಅನ್ನುವುದು ಅದರಲ್ಲಿ ಬರುವುದಿಲ್ಲ. ಬ್ರೈಟನ್ನಿನ ರಾಜರ ಅರಮನೆಯನ್ನು ಭಾರತೀಯರ ಆಸ್ಪತ್ರೆ ಮಾಡಿದಾಗ ಒಂಬತ್ತು ಅಡುಗೆಮನೆ ಮಾಡಿದ್ದರು. ಹಿಂದೂಗಳಿಗೆ ಬೇರೆ ನಲ್ಲಿ, ಮುಸ್ಲಿಮರಿಗೆ ಬೇರೆ ನಲ್ಲಿ. ಗುಡಿಸುವುದಕ್ಕೆ ಅಸ್ಪೃಶ್ಯರನ್ನೇ ಇಟ್ಟಿದ್ದರು. ಅಲ್ಲಿ ಸತ್ತ ಹಿಂದೂ, ಸಿಖ್ಖರನ್ನು ಪ್ಯಾಚಮ್ ಗುಡ್ಡದ ಮೇಲೆ ಸುಟ್ಟರು, ಈಗ ಅಲ್ಲಿ ಛತ್ರಿ ಅನ್ನುವ ಬಿಳಿ ಅಮೃತಶಿಲೆಯ ಸ್ಮಾರಕ ಮಂಟಪ ಇದೆ. 1921ರಲ್ಲಿ ಕಟ್ಟಿದ್ದು, 53 ಮಂದಿಯ ಹೆಸರನ್ನು ಪಕ್ಕದಲ್ಲಿ ಕೆತ್ತಿದ್ದು 2010ರಲ್ಲಿ. ಜಾತಿಯ ಕಟ್ಟುಪಾಡನ್ನು ಹಡಗಿನಲ್ಲಿ ತಂದವರು ನಮ್ಮವರು. ಅದಕ್ಕೆ ಅಚ್ಚುಕಟ್ಟಾದ ವ್ಯವಸ್ಥೆ ಮಾಡಿಕೊಟ್ಟವರು ಅವರು. ಸುಖಾ ಇಬ್ಬರ ಮಧ್ಯೆ ಸಿಕ್ಕಿದವನು. ಇಷ್ಟಾದರೂ ಊರಿನ ಜನ ದುಡ್ಡು ಹಾಕಿ ಕಲ್ಲು ನಿಲ್ಲಿಸಿದ್ದು ಮಾತ್ರ ಕಣ್ಣೆದುರಿಗಿನ ಸತ್ಯ. ಅವರಿಗೆ ಅದರಿಂದ ಆಗಬೇಕಾದ್ದು ಏನೂ ಇರಲಿಲ್ಲ.

ಈ ಕಥೆಯನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ವಾರ್ಡು ತೊಳೆಯುವ ಕೆಲಸ ಮಾಡಿ ರಿಟೈರ್ ಆದವರು. ಅಲ್ಲಿ ಅವರಿಗೆ ಟೀ ಕುಡಿಯಲು ಬೇರೆ ಲೋಟ, ಕಿಟಕಿ ಮೇಲೆ ಮಗುಚಿ ಇಟ್ಟಿರುತ್ತಿದ್ದರು. ನಾನು ನರ್ಸಿಂಗ್ ಓದಿದ್ದು ಆ ಸಂಬಳದಲ್ಲಿ. ಅಮ್ಮ ಪೂರ್ತಿ ಕೇಳಿಸಿಕೊಂಡರು.

"ಸುಡೋಕೆ ಬಿಡ್ಲಿಲ್ಲ ಅನ್ನೋದು ನಿಜಾನೇ ಇರ್ಬೇಕು ಕಣವ್ವ," ಅಂದರು. "ಕಥೆ ಅಂತ ಯಾಕೆ ಅಂತೀಯ? ನಮ್ ಕೇರಿ ಹೆಣ ಊರೊಳಗಿನ ದಾರೀಲಿ ಬಿಡ್ತಿದ್ರಾ?"

ನಾನು ಸುಮ್ಮನಿದ್ದೆ.

"ಆ ಊರೋರು ಮಣ್ಣು ಮಾಡಿ, ಕಲ್ಲೂ ಹಾಕ್ಸಿದ್ರಲ್ಲ. ಒಳ್ಳೇದಾಗ್ಲಿ ಅವ್ರಿಗೆ. ಅದ್ಸರಿ, ಅವನ ಮನೇಗೆ ಯಾರು ಹೇಳಿದ್ರು? ಹೆಂಡ್ತಿ ಮಕ್ಳು ಇದ್ರೋ ಏನೋ. ಬರೋ ಸಂಬಳ ಬಾಕಿ ಇರುತ್ತಲ್ಲ, ಅದು ಸೇರ್ತಾ?"

ಇತಿಹಾಸ ಬರೆದವರು ಯಾರೂ ಕೇಳದ ಪ್ರಶ್ನೆ ಅದು. ಲಾರೆನ್ಸ್‌ನ ಕಥೆ ಹೆಣ ಎಲ್ಲಿ ಹೂಳಬೇಕು ಅನ್ನುವಲ್ಲಿಗೆ ಮುಗಿಯುತ್ತದೆ. 30 ವರ್ಷದ ಗಂಡಸು, ಬರೇಲಿಯ ಕೇರಿಯವನು, ಅವನನ್ನು ನಂಬಿಕೊಂಡು ಯಾರೋ ಇದ್ದೇ ಇರುತ್ತಾರೆ. ಅವತ್ತಿನಿಂದ ನನ್ನ ಹುಡುಕಾಟದ ದಿಕ್ಕು ಬದಲಾಯಿತು. ಸತ್ತವನ ಬಗ್ಗೆ ಓದುವಾಗೆಲ್ಲ, ಸುದ್ದಿ ತಲುಪಿದ್ದು ಯಾರಿಗೆ, ದುಡ್ಡು ತಲುಪಿದ್ದು ಯಾರಿಗೆ ಅಂತ ಮೊದಲು ನೋಡುತ್ತೇನೆ. ನ್ಯೂಜಿಲೆಂಡಿನವರ ಫೈಲಿನಲ್ಲಿ ಅದಕ್ಕೆ ಉತ್ತರ ಇರುತ್ತದೆ. ತಾಯಿಯ ಹೆಸರು, ವಿಳಾಸ, ಪದಕ ಯಾವತ್ತು ಕಳಿಸಿದರು ಅನ್ನುವುದು ಕೂಡ.

ನೀವೂ ಹುಡುಕಬೇಕು ಅಂತಿದ್ದರೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ. 1917ರಲ್ಲಿ ಶುರುವಾದದ್ದು, ಎರಡು ಮಹಾಯುದ್ಧಗಳಲ್ಲಿ ಸತ್ತ 17 ಲಕ್ಷ ಜನರ ನೆನಪು ಕಾಯುತ್ತದೆ. ಅವರ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಭಾರತೀಯರಿಗೆ ಹೆಸರೊಂದೇ ಸಾಲುವುದಿಲ್ಲ. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾನೆ. ರಾಮಯ್ಯನನ್ನು ನಾಲ್ಕು ತರ ಬರೆದಿರಬಹುದು. ಅದಕ್ಕೆ ಹೆಚ್ಚುವರಿ ಮಾಹಿತಿ ಅನ್ನುವ ಜಾಗದಲ್ಲಿ ಊರಿನ ಹೆಸರು ಹಾಕಿ. ಎಷ್ಟೋ ಕಡೆ ಇಂಥವರ ಮಗ, ಇಂಥ ಹಳ್ಳಿ, ಇಂಥ ಜಿಲ್ಲೆ ಅಂತ ಇರುತ್ತದೆ. ಬ್ಯಾಂಗಲೋರ್, ಮೈಸೋರ್, ಕೂರ್ಗ್, ಧಾರ್ವಾರ್, ಬೆಲ್ಗಾಂ, ಸೌತ್ ಕೆನರಾ ಅಂತ ಆಗಿನ ಇಂಗ್ಲಿಷ್ ಹೆಸರುಗಳಲ್ಲೇ ಹುಡುಕಬೇಕು. ದರ್ಜೆಯ ಜಾಗದಲ್ಲಿ ಸಿಪಾಯಿ ಅಂತ ಮಾತ್ರ ಅಲ್ಲ, ಅಡುಗೆಯವನು, ಭಿಸ್ತಿ, ಡ್ರೈವರ್, ಸ್ವೀಪರ್ ಅಂತಲೂ ಹಾಕಿ ನೋಡಿ. ಹಾಗೆ ಹುಡುಕಿದಾಗಲೇ ಆ ಇನ್ನೊಂದು ಸೈನ್ಯ ಕಣ್ಣಿಗೆ ಬೀಳುವುದು.

ಕಮಿಷನ್ ಶುರುವಿನಲ್ಲಿ ಒಂದು ದೊಡ್ಡ ಮಾತು ಕೊಟ್ಟಿತ್ತು. ದರ್ಜೆ, ಬಣ್ಣ, ಧರ್ಮ ನೋಡದೆ ಸತ್ತವರೆಲ್ಲರಿಗೂ ಒಂದೇ ತರ ಗೌರವ, ಪ್ರತಿಯೊಬ್ಬರ ಹೆಸರೂ ಕಲ್ಲಿನ ಮೇಲೆ. ಯುರೋಪಿನಲ್ಲಿ ಬಹಳ ಮಟ್ಟಿಗೆ ಹಾಗೇ ನಡೆದುಕೊಂಡಿತು. ಫ್ರಾನ್ಸಿನ ನ್ಯೂ ಶಪೆಲ್‌ನಲ್ಲಿ ಸಮಾಧಿ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಕೆತ್ತಿದೆ. ಇರಾಕಿನ ಬಸ್ರಾಕ್ಕೆ ಬಂದರೆ ಮಾತು ಮುರಿಯಿತು. ಅಲ್ಲಿನ ಸ್ಮಾರಕ 40,000ಕ್ಕೂ ಹೆಚ್ಚು ಮಂದಿಯದು, ಅವರಲ್ಲಿ ಬಹುಪಾಲು ಭಾರತೀಯರು. ಗೋಡೆಯ ಮೇಲೆ ಅಧಿಕಾರಿಗಳ ಹೆಸರಿದೆ. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಪಲ್ಟನ್ನಿನ ಹೆಸರು, ಅದರ ಮುಂದೆ ಎಷ್ಟು ಮಂದಿ ಅನ್ನುವ ಸಂಖ್ಯೆ. ಇವತ್ತು ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಳೆಯ ಪಲ್ಟನ್ನುಗಳು 1915-16ರಲ್ಲಿ ಅದೇ ದೇಶದ ಕುಟ್ ಮುತ್ತಿಗೆಯಲ್ಲಿ ಹಸಿವಿನಿಂದ ನರಳಿದವು. 2021ರಲ್ಲಿ ಕಮಿಷನ್ನೇ ಒಂದು ವರದಿ ತಂದು ತಪ್ಪೊಪ್ಪಿಕೊಂಡಿತು. ಮುಖ್ಯವಾಗಿ ಪೂರ್ವ ಆಫ್ರಿಕಾ, ಈಜಿಪ್ಟಿನ ಕನಿಷ್ಠ 1,16,000 ಮಂದಿಗೆ, ಬಹುಶಃ 3,50,000 ಮಂದಿಯವರೆಗೂ, ಹೆಸರಿನ ನೆನಪೇ ಸಿಗಲಿಲ್ಲ ಅಥವಾ ಯಾವ ನೆನಪೂ ಸಿಗಲಿಲ್ಲ ಅಂತ. ಸೇವಕರಾಗಿ, ಕೂಲಿಗಳಾಗಿ ಹೋದವರು ಅದರಲ್ಲಿ ಬಹಳ. ಹೆಸರು ಹುಡುಕಿ ಸೇರಿಸುವ ಕೆಲಸ ಈಗ ನಡೆಯುತ್ತಿದೆ. ತಡವಾಯಿತು, ಆದರೂ ಆಗಲಿ.

ಬೆಂಗಳೂರಿನವರಿಗೆ ಒಂದು ಮಾತು. ಜೆ.ಸಿ. ನಗರದ ಕಡೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಕುದುರೆ ಮೇಲೆ ನುಗ್ಗಿ ಊರು ಗೆದ್ದವರು ಇವರೇ. ಹೈಫಾ ಬಗ್ಗೆ ಭಾಷಣ ಬೇಕಾದಷ್ಟು ಆಗಿವೆ. ನನ್ನ ಆಸೆ ಬೇರೆ. ಸ್ಮಾರಕದ ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಂಡು, ಯಾವ ತಾಲ್ಲೂಕು, ಯಾವ ಮನೆ, ಹಿಂದೆ ಯಾರಿದ್ದರು ಅಂತ ಯಾರಾದರೂ ಕೂತು ಬರೆಯಬೇಕು. ಕುದುರೆ ಲಾಯದಲ್ಲಿ ಹುಲ್ಲು ಹಾಕಿದವರು, ಲಾಳ ಹೊಡೆದವರು ಯಾರು ಅಂತಲೂ ಬರೆಯಬೇಕು. ಅಜ್ಜಿಯರ ಹತ್ತಿರ ಕೇಳಿದರೆ ಇನ್ನೂ ಏನಾದರೂ ಸಿಗಬಹುದು. ಹಳೇ ಟ್ರಂಕಿನಲ್ಲಿ ಪಿಂಚಣಿ ಕಾಗದ, ಪದಕ, ಫೋಟೋ ಇದ್ದರೆ ಎಸೆಯಬೇಡಿ. ಪದಕದ ಅಂಚಿನಲ್ಲಿ ನಂಬರು, ಹೆಸರು, ಪಲ್ಟನ್ನು ಸಣ್ಣಗೆ ಕೊರೆದಿರುತ್ತಾರೆ. ಆ ಒಂದು ಸಾಲು ಹಿಡಿದುಕೊಂಡು ಬಹಳ ದೂರ ಹೋಗಬಹುದು.

ನನ್ನ ಮುಂದಿನ ಕೆಲಸ ಬರೇಲಿಯದು. ಹಿಂದಿ ಬರೆಯಲು ಬರುವ ಸಹೋದ್ಯೋಗಿಯೊಬ್ಬರು ಜೊತೆಯಾಗಿದ್ದಾರೆ. ಗಂಗಾಪುರದ ಸಫಾಯಿ ಕೆಲಸದವರ ಕುಟುಂಬಗಳಿಗೆ, ಅಲ್ಲಿನ ಶಾಲೆ ಮೇಷ್ಟ್ರುಗಳಿಗೆ ಸುಖಾನ ಕಲ್ಲಿನ ಫೋಟೋ, ಅದರಲ್ಲಿರುವ ಬರಹದ ಹಿಂದಿ ಪ್ರತಿ ಎರಡನ್ನೂ ಕಳಿಸುವ ತಯಾರಿ ನಡೆಸಿದ್ದೇವೆ. ನಿಮ್ಮಲ್ಲಿ ಯಾರಿಗಾದರೂ ಬರೇಲಿಯಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ತಿಳಿಸಿ. ಅದೇ ಅಂಗಳದ ಇನ್ನಿಬ್ಬರು ಭಾರತೀಯರ ಬಗ್ಗೆ ಮುಂದಿನ ಸಲ ಬರೆಯುತ್ತೇನೆ.